ಬ್ರೇಕ್ ಪೈಪಿಗೆ ಸುತ್ತಿದ ದಾರ

(ಕಂತು ಏಳು)

"ನಾನೇ ಸರ್. ಬರ್ಕಳಿ. ಪೈಪು ಅದ್ಲುಬದ್ಲು ಮಾಡಿದ್ದು ನಾನೇ."

ಹೊಸನಗರ ಠಾಣೆಯ ಲಾಕಪ್ಪಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಮೆಕ್ಯಾನಿಕ್ ಜಯಪ್ಪ ಇದನ್ನು ಹೇಳುವಾಗ ತಲೆ ಎತ್ತಲಿಲ್ಲ. ನಿನ್ನೆಯಿಂದ ಇದು ನಾಲ್ಕನೆಯ ಸಲ. ಪ್ರತಿ ಸಲವೂ ಅದೇ ಮಾತು, ಅದೇ ಧಾಟಿ. ಮಗ್ಗಿ ಒಪ್ಪಿಸುವ ಹುಡುಗರೂ ಒಂದೊಂದು ಸಲ ತಪ್ಪುತ್ತಾರೆ, ಇವನು ತಪ್ಪಲಿಲ್ಲ.

ಸರಳಿನ ಈಚೆ ಸ್ಟೂಲಿನ ಮೇಲೆ ಕೂತಿದ್ದವನು ಶೇಷಪ್ಪ. ಸರ್ಕಾರದ ಕಾಗದದಲ್ಲಿ ಅವನು ಮೋಟಾರು ವಾಹನ ನಿರೀಕ್ಷಕ. ಸಾಗರದಿಂದ ತೀರ್ಥಹಳ್ಳಿಯವರೆಗೆ ಜನರ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್. ರಸ್ತೆಯಲ್ಲಿ ಯಾರೇ ಸತ್ತರೂ ಗಾಡಿ ನೋಡಿ ಷರಾ ಬರೆಯಬೇಕಾದವನು ಅವನೇ. ಇಪ್ಪತ್ತೆರಡು ವರ್ಷಗಳಲ್ಲಿ ಹಾಗೆ ಬರೆದ ಕಾಗದಗಳು ಒಂದು ಬೀರು ತುಂಬಿವೆ, ಒಂದನ್ನೂ ಬರೆಯಲು ಅವನು ತಡ ಮಾಡಿರಲಿಲ್ಲ. ಇವತ್ತು ಪೆನ್ನಿನ ಮುಚ್ಚಳ ತೆಗೆಯಲೂ ಅವನಿಗೆ ಮನಸ್ಸಿರಲಿಲ್ಲ.

ದಸರಾ ಮುಗಿದ ಮರುವಾರ ನಡೆದ ಕಾರು ರ‍್ಯಾಲಿಯಲ್ಲಿ ಅರಳಸುರಳಿ ಕಡೆಗೆ ಇಳಿಯುವ ಕಾಡುದಾರಿಯ ಹೇರ್‌ಪಿನ್ ತಿರುವಿನಲ್ಲಿ ಕೋಣಂದೂರಿನ ಹೂವಯ್ಯನ ಕಾರು ಕಣಿವೆಗೆ ಬಿದ್ದು ಹೂವಯ್ಯ ಸತ್ತು ಮೂರು ದಿನವಾಗಿತ್ತು. ಆ ಕಾರನ್ನು ಕಟ್ಟಿದವನು ಈ ಜಯಪ್ಪ. ಸಾಗರದ ತನ್ನ ಗ್ಯಾರೇಜಿನಲ್ಲಿ ಹಳೆಯ ಫಿಯೆಟ್ಟಿನ ಹೊಟ್ಟೆಗೆ ಜೀಪಿನ ಗೇರು ಕೂರಿಸಿ, ನಾಲ್ಕೂ ಗಾಲಿ ಎಳೆಯುವಂತೆ ಮಾಡಿದ್ದ. ಅಂಥ ಕಾರು ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ.

"ಎರಡು ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ಬೇಕು, ಶೇಷಪ್ಪನೋರೆ," ಎಂದ ಸಬ್ ಇನ್ಸ್‌ಪೆಕ್ಟರ್ ಧರ್ಮಪ್ಪ, ಬಾಗಿಲ ಚೌಕಟ್ಟಿಗೆ ಒರಗಿಕೊಂಡು. "ನಿಮ್ಮ ಷರಾ ಒಂದು ಬಿದ್ರೆ ಇವನು ಶಿವಮೊಗ್ಗ ಜೈಲಿಗೆ. ಒಪ್ಕಂಡವನ್ನ ಇಟ್ಕಂಡು ನೀವು ಇನ್ನೂ ಎಂತ ಹುಡುಕ್ತಿದೀರೋ ನನಗಂತೂ ಗೊತ್ತಾಗ್ತಿಲ್ಲ."

"ಎತ್ತು ಕರು ಹಾಕ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಕೆಲಸ ನನ್ನಿಂದಾಗಲ್ಲ, ಸಾಹೇಬ್ರೆ." ಶೇಷಪ್ಪ ಜಯಪ್ಪನ ಕಡೆ ತಿರುಗಿದ. "ಆ ಕಾರಿಗೆ ನೀನು ಕೂರಿಸಿದ ಕೈ ಬ್ರೇಕು ಹ್ಯಾಗೆ ಕೆಲಸ ಮಾಡ್ತದೆ, ನಿನ್ನ ಬಾಯಲ್ಲೇ ಹೇಳು. ಸಾಹೇಬ್ರಿಗೂ ಅರ್ಥ ಆಗ್ಲಿ."

ಜಯಪ್ಪ ಮೊದಲ ಸಲ ತಲೆ ಎತ್ತಿದ. ಮೂರು ದಿನದ ಗಡ್ಡ, ನಿದ್ದೆಗೆಟ್ಟ ಕಣ್ಣು. ಆದರೂ ತಾನು ಮಾಡಿದ ವಸ್ತುವಿನ ಮಾತು ಬಂದಾಗ ಅವನ ದನಿಗೆ ಒಂದಿಷ್ಟು ಜೀವ ಬಂತು.

"ಸಾದಾ ಕಾರಲ್ಲಿ ಕೈ ಬ್ರೇಕು ತಂತಿ ಎಳೀತದೆ ಸರ್. ಇದು ಎಣ್ಣೆ ಒತ್ತದು. ಜೀಪಿನ ಕ್ಲಚ್ ಸಿಲಿಂಡರ್ ತಂದು ಅದಕ್ಕೆ ಉದ್ದ ಸನ್ನೆಗೋಲು ಕೂರಿಸಿದ್ದು. ಎಳೆದ ಕೂಡ್ಲೆ ಹಿಂದಿನ ಎರಡು ಗಾಲಿ ಕಚ್ಕಳ್ತದೆ. ಕಾರಿನ ಬಾಲ ಸುಯ್ಯಂತ ತಿರುಗ್ತದೆ. ಎಂಥ ಹೇರ್‌ಪಿನ್ ಆದ್ರೂ ಒಂದೇ ಏಟಿಗೆ."

"ನಾಲ್ಕು ಗಾಲಿ ಎಳೆಯೋ ಕಾರಲ್ಲಿ?"

"ಅದೇ ಕಷ್ಟ. ಮುಂದಿನ ಗಾಲಿ, ಹಿಂದಿನ ಗಾಲಿ ಒಂದೇ ಗೇರಿಗೆ ಕಟ್ಟಿದ್ದಲ್ದ? ಹಿಂದೆ ಹಿಡಿದ್ರೆ ಮುಂದೂ ಹಿಡೀತದೆ. ಅದಕ್ಕೆ ಮೊದ್ಲು ಸಣ್ಣ ಗೇರು ತಳ್ಳಿ ಮುಂದಿನ ಗಾಲಿ ಬಿಡಿಸ್ಕಬೇಕು, ಕ್ಲಚ್ ಒತ್ಬೇಕು, ಆಮೇಲೆ ಸನ್ನೆ. ಎಲ್ಲ ಒಂದು ಉಸಿರಲ್ಲಿ. ಹೂವಯ್ಯಣ್ಣಂಗೆ ಅದು ಕೈಗೆ ಹತ್ತಲಿಕ್ಕೆ ಎರಡು ತಿಂಗಳು ಹಿಡೀತು."

"ಪೈಪು ಅದಲುಬದಲಾದ್ರೆ?"

ಜಯಪ್ಪ ಗೋಡೆ ನೋಡಿದ. "ಸನ್ನೆ ಎಳೆದ್ರೆ ಮುಂದಿನ ಗಾಲಿ ಹಿಡೀತದೆ. ಹಿಡಿದ ಗಾಲಿ ಸ್ಟೇರಿಂಗ್ ಮಾತು ಕೇಳದಿಲ್ಲ. ಕಾರು ನೆಟ್ಟಗೆ ಹೋಗ್ತದೆ."

ನೆಟ್ಟಗೆ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಆ ತಿರುವಿನಲ್ಲಿ ನೆಟ್ಟಗೆ ಹೋದರೆ ಅರವತ್ತು ಅಡಿ ಕೆಳಗೆ ಬಂಡೆ. ಶೇಷಪ್ಪ ನಿನ್ನೆ ಅಲ್ಲಿಗೆ ಹೋಗಿ ಟೇಪು ಹಿಡಿದು ಅಳೆದಿದ್ದ. ಮುಂದಿನ ಗಾಲಿಗಳು ಕೆಂಪು ಮಣ್ಣನ್ನು ನೇಗಿಲಿನಂತೆ ಉತ್ತುಕೊಂಡು ಹೋಗಿದ್ದವು; ಹಿಂದಿನ ಗಾಲಿಗಳು ಸುಮ್ಮನೆ ಉರುಳಿದ್ದವು. ಠಾಣೆಯ ಹಿಂದೆ ಎಳೆದು ತಂದು ಹಾಕಿದ ಕಾರಿನಲ್ಲೂ ಅದೇ ಸಾಕ್ಷಿ. ಸನ್ನೆಯ ಬುಡದಲ್ಲಿ ಅಕ್ಕಪಕ್ಕ ಇರುವ, ಮುಂದಿನ ಗಾಲಿಗೊಂದು ಹಿಂದಿನ ಗಾಲಿಗೊಂದು ಹೋಗುವ ಎರಡು ಪೈಪುಗಳ ತುದಿ ಒಂದರ ಜಾಗಕ್ಕೆ ಇನ್ನೊಂದು ಬಂದಿತ್ತು. ಹೂವಯ್ಯ ಕಲಿತದ್ದನ್ನು ಒಂದು ಚೂರೂ ತಪ್ಪದೆ ಮಾಡಿದ್ದ. ಅದಕ್ಕೇ ಸತ್ತ.

"ಪೈಪು ಬದಲಿಸಿದ್ದು ಎಲ್ಲಿ?"

"ಸಾಗರದಲ್ಲಿ. ನನ್ನ ಗ್ಯಾರೇಜಲ್ಲಿ. ರ‍್ಯಾಲಿ ಹೊರಡೋ ಮುಂಚೆ. ಎರಡು ದಿನ ನಿದ್ದೆ ಇರ್ಲಿಲ್ಲ, ಕೈ ತಪ್ತು."

"ಸುಳ್ಳು," ಎಂದ ಶೇಷಪ್ಪ. "ಸಾಗರದಿಂದ ಹೊರಟ ಕಾರು ಬಟ್ಟೆಮಲ್ಲಪ್ಪದ ತಿರುವಲ್ಲಿ ಬಾಲ ತಿರುಗಿಸಿದ್ದನ್ನ ಸ್ಕೂಲಿನ ಡ್ರಿಲ್ ಮೇಷ್ಟ್ರು ಮಹಾಗಣಪತಿ ಹತ್ತು ಮಾರು ದೂರದಲ್ಲಿ ನಿಂತು ನೋಡಿದಾರೆ. ಟೈಮ್ ಬರ್ಕಳ್ಳಕೆ ಅವರನ್ನೇ ಅಲ್ಲಿ ನಿಲ್ಲಿಸಿದ್ದು. ಅವರ ಪಂಚೆಗೆಲ್ಲ ಕೆಸರು ಹಾರಿದೆ. ಅಲ್ಲಿವರೆಗೂ ಪೈಪು ಸರಿಯಾಗೇ ಇತ್ತು."

ಜಯಪ್ಪ ಉಗುರಿನಿಂದ ನೆಲ ಕೆರೆದ.

"ಆಮೇಲೆ ಕಾರು ನಿಂತಿದ್ದು ಈ ಹೊಸನಗರದ ಮೈದಾನದಲ್ಲಿ, ನಲವತ್ತು ನಿಮಿಷ. ಆಗ ನೀನು ಸಾಮಾನಿನ ವ್ಯಾನ್ ಇಟ್ಕಂಡು ರಿಪ್ಪನ್‌ಪೇಟೆಲಿ ಪಂಕ್ಚರ್ ಹಾಕಿಸ್ತಿದ್ದೆ. ನೀನು ಇಲ್ಲಿಗೆ ಬರೋದ್ರೊಳಗೆ ಕಾರು ಹೊರಟೇ ಹೋಗಿತ್ತು. ಹಂಗಾದ್ರೆ ಬದಲಿಸಿದ್ದು ನೀನು ಹ್ಯಾಗೆ?"

ಧರ್ಮಪ್ಪ ಒರಗಿದ್ದವನು ನೆಟ್ಟಗೆ ನಿಂತ. ಈ ಲೆಕ್ಕ ಅವನಿಗೆ ಹೊಸದು.

ಶೇಷಪ್ಪ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಸರಳಿನ ಸಂದಿಯಲ್ಲಿ ಜಯಪ್ಪನ ಮುಂದೆ ಬಿಚ್ಚಿದ. ಒಳಗೆ ಗೇಣುದ್ದದ ಸೆಣಬಿನ ದಾರ. ಅಂಟಂಟು, ಕೊಳಕು, ಅಲ್ಲಲ್ಲಿ ನೀಲಿ.

"ಇದು ಬೆಳಿಗ್ಗೆ ಸಿಕ್ತು. ಬದಲಾದ ಪೈಪಿನ ಕೀಲಿಗೆ ಯಾರೋ ಇದನ್ನ ಬಿಗಿಯಾಗಿ ಸುತ್ತಿದಾರೆ. ಬ್ರೇಕ್ ಪೈಪಿನ ಕೀಲಿಗೆ ದಾರ ಸುತ್ತೋರುಂಟಾ, ಜಯಪ್ಪ? ನೀನು ಸುತ್ತುತೀಯಾ?"

ದಾರವನ್ನು ಕಂಡ ಕೂಡಲೇ ಜಯಪ್ಪನ ಮುಖದಲ್ಲಿ ಆದ ಬದಲಾವಣೆಯನ್ನು ಶೇಷಪ್ಪ ಮುಂದೆ ಎಷ್ಟೋ ದಿನ ಮರೆಯಲಿಲ್ಲ. ಅದು ಹೆದರಿಕೆಯಲ್ಲ. ಸತ್ತವರ ಬಟ್ಟೆ ಕಂಡಾಗ ಮನೆಯವರ ಮುಖ ಹೀಗಾಗುವುದನ್ನು ಅವನು ನೋಡಿದ್ದ.

"ನಾನೇ ಸುತ್ತಿದ್ದು," ಎಂದ ಜಯಪ್ಪ.

"ದಾರಕ್ಕೆ ಎಂತ ಹಚ್ಚಿದ್ದೆ?"

"ಗ್ರೀಸು."

ಶೇಷಪ್ಪ ಕಡ್ಡಿ ಗೀರಿ ದಾರದ ತುದಿಗೆ ಹಿಡಿದ. ಕರಗಿದ ಅಂಟಿನಿಂದ ಸಿಹಿಯಾದ ಕಮಟು ವಾಸನೆ ಎದ್ದಿತು. ಬಾಗಿಲಲ್ಲಿದ್ದ ಧರ್ಮಪ್ಪ ಮೂಗರಳಿಸಿ, "ಹಲಸಿನ ಮೇಣ," ಎಂದ, ತನಗೆ ತಾನೇ ಹೇಳಿಕೊಂಡಂತೆ.

"ಹೌದು. ಹಲಸಿನ ಮೇಣ. ಈ ನೀಲಿ ಮೈಲುತುತ್ತದ್ದು. ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಔಷಧಿ ಹೊಡೆಯೋ ಪಂಪಿನ ಕೀಲು ಸೋರಿದ್ರೆ ನಮ್ಮ ಕಡೆ ಇದನ್ನೇ ಮಾಡ್ತಾರೆ. ಮೇಣ ಹಚ್ಚಿದ ದಾರ ಸುತ್ತಿದ್ರೆ ನೀರು ಒಂದು ತೊಟ್ಟೂ ಸೋರಲ್ಲ. ಆದ್ರೆ ಬ್ರೇಕ್ ಎಣ್ಣೆಯ ಒತ್ತಡನ ಇದು ಅರ್ಧ ಗಂಟೆನೂ ತಡೆಯಲ್ಲ. ಅದು ಗೊತ್ತಿಲ್ಲದ ಮೆಕ್ಯಾನಿಕ್ಕಾ ನೀನು? ಇದು ಪಂಪಿನವನ ಕೈ, ಜಯಪ್ಪ. ನಿನ್ನದಲ್ಲ. ನೀನು ಯಾರನ್ನ ಮುಚ್ಚಿಡ್ತಿದೀಯ?"

"ಸರ್," ಎಂದ ಜಯಪ್ಪ ಸರಳು ಹಿಡಿದುಕೊಂಡು. "ನಿಮ್ಮ ಕಾಲು ಹಿಡೀತೀನಿ. ಆ ದಾರ ಬಿಸಾಕಿಬಿಡಿ. ನಾನು ಒಪ್ಕಂಡಿದೀನಲ್ಲ. ನಾನು ಹೋಗ್ತೀನಿ ಜೈಲಿಗೆ. ನಿಮಗೆ ಎಂತ ನಷ್ಟ?"

ಶೇಷಪ್ಪ ದಾರವನ್ನು ಮತ್ತೆ ಪೊಟ್ಟಣದಲ್ಲಿ ಸುತ್ತಿಟ್ಟ.

ಆಗ ಹೊರಗಿನ ಜಗಲಿಯಿಂದ ಯಾರೋ ಕೆಮ್ಮಿದರು. ಬೆಳಿಗ್ಗೆ ಠಾಣೆಗೆ ಬರುವಾಗಲೇ ಶೇಷಪ್ಪ ಅಲ್ಲಿ ಬೆಂಚಿನ ತುದಿಯಲ್ಲಿ ಕೂತ ಮುದುಕನೊಬ್ಬನನ್ನು ನೋಡಿದ್ದ. ಜಯಪ್ಪನ ಅಪ್ಪ ದುಗ್ಗಪ್ಪ ಎಂದು ಪೇದೆ ಹೇಳಿದ್ದ. ಮಗನನ್ನು ನೋಡಲು ಬಂದ ಅಪ್ಪ ಎಂದುಕೊಂಡು ಶೇಷಪ್ಪ ದಾಟಿ ಹೋಗಿದ್ದ. ಈಗ ಆ ಮುದುಕ ಎದ್ದು ಬಾಗಿಲಿಗೆ ಬಂದು ನಿಂತಿದ್ದ. ಶೇಷಪ್ಪನ ಕಣ್ಣು ಅವನ ಕೈಗೆ ಬಿತ್ತು. ಹತ್ತೂ ಬೆರಳಿನ ಉಗುರುಸಂದಿಯಲ್ಲಿ ತೊಳೆದರೂ ಹೋಗದ ನೀಲಿ.

ಮೈದಾನದ ಪಕ್ಕದಲ್ಲಿ 'ಇಲ್ಲಿ ಔಷಧಿ ಪಂಪು ರಿಪೇರಿ ಮಾಡಲಾಗುವುದು' ಎಂಬ ತಗಡಿನ ಬೋರ್ಡು ಇದ್ದುದು ಶೇಷಪ್ಪನಿಗೆ ಆಗ ಹೊಳೆಯಿತು. ಒಬ್ಬನನ್ನು ಬಿಡಿಸಲು ಬೆಳಿಗ್ಗೆಯಿಂದ ಹೊಸೆದ ಹಗ್ಗವನ್ನು ತಾನೇ ಅವನ ಅಪ್ಪನ ಕೊರಳಿಗೆ ಹಾಕಿದ್ದೆ ಎಂದು ತಿಳಿದು ಅವನಿಗೆ ತನ್ನ ಜಾಣತನದ ಮೇಲೇ ಅಸಹ್ಯ ಬಂತು.

"ದಾರ ಸುತ್ತಿದ್ದು ನಾನು," ಎಂದ ದುಗ್ಗಪ್ಪ.

"ಅಪ್ಪಯ್ಯ, ನೀನು ಸುಮ್ನಿರು," ಎಂದ ಜಯಪ್ಪ.

"ನೀ ಸುಮ್ನಿರು. ಒಂದು ವರ್ಷದಿಂದ ನಿನ್ನ ಹತ್ರ ಮಾತಾಡ್ಲಿಲ್ಲ, ಈಗ ಮಾತಾಡ್ತಿದೀನಿ, ಕೇಳು."

ಒಂದು ವರ್ಷದ ಕತೆ ಠಾಣೆಗೆಲ್ಲ ಗೊತ್ತಿದ್ದದ್ದೇ. ಹೋದ ವರ್ಷದ ರ‍್ಯಾಲಿಯಲ್ಲಿ ಹೂವಯ್ಯನ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದವನು ದುಗ್ಗಪ್ಪನ ಕಿರಿಯ ಮಗ ಸೀತಾರಾಮಪ್ಪ. ಮರಕ್ಕೆ ಬಡಿದ ಕಾರಿನಿಂದ ಹೂವಯ್ಯ ನಡೆದುಕೊಂಡು ಬಂದ, ಸೀತಾರಾಮಪ್ಪನನ್ನು ಹೊತ್ತುಕೊಂಡು ಬಂದರು. ಆಮೇಲೂ ಜಯಪ್ಪ ಅದೇ ಹೂವಯ್ಯನಿಗೆ ಇನ್ನೊಂದು ಕಾರು ಕಟ್ಟಿದ. ತಮ್ಮನ ಸಾವು ಯಾರ ತಪ್ಪೂ ಅಲ್ಲ ಎಂದು ಅವನು ನಂಬಿದ್ದ, ಅಪ್ಪ ನಂಬಿರಲಿಲ್ಲ. ಆವತ್ತಿನಿಂದ ಆ ಮನೆಯಲ್ಲಿ ಮಾತು ನಿಂತಿತ್ತು. ಮೂರು ದಿನದ ಹಿಂದೆ ಕಣಿವೆಗೆ ಇಳಿದು ಕಾರಿನೊಳಗೆ ತಲೆ ಹಾಕಿದ ಜಯಪ್ಪ ಆ ಕೀಲನ್ನು ನೋಡಿದ್ದ. ಅಪ್ಪನ ಸುತ್ತು ಅವನಿಗೆ ಗುರುತು ಸಿಗದೇ ಇರುತ್ತದೆಯೇ? ಆಗಲೇ ಅವನು ಅಪ್ಪನ ಬದಲು ತಾನು ಜೈಲಿಗೆ ಹೋಗುವುದೆಂದು ತೀರ್ಮಾನಿಸಿದ್ದ.

"ದಾರ ಸುತ್ತಿದೀನಿ, ಪೈಪು ಬದಲಿಸಿಲ್ಲ," ಎಂದ ದುಗ್ಗಪ್ಪ ನಿಧಾನವಾಗಿ. "ಹೂವಯ್ಯ ಟೈಮಿನ ಚೀಟಿಗೆ ಮುದ್ರೆ ಹಾಕಿಸ್ಕಂಡು ಬರಾಕೆ ಹೋಗಿದ್ದ. ವಾಪಸ್ ಬಂದು ಸೀದಾ ನನ್ನ ಅಂಗಡಿಗೇ ಬಂದ. ಎಣ್ಣೆ ಸೋರ್ತಾ ಉಂಟು ದುಗ್ಗಪ್ಪಣ್ಣ, ಜಯಪ್ಪನ ವ್ಯಾನ್ ಬಂದಿಲ್ಲ, ಎಂತಾದ್ರೂ ಮಾಡು ಅಂದ. ಅವನ ಮುಖ ನೋಡಾಕೆ ನನಗೆ ಇಷ್ಟ ಇರ್ಲಿಲ್ಲ. ಆದ್ರೆ ಮಗ ಕಟ್ಟಿದ ಗಾಡಿ. ಸೋರ್ತದೆ ಅಂದ್ರೆ ಯಾರ ಮಾನ ಹೋಗದು? ನಟ್ಟು ಬಿಗಿ ಮಾಡಿದೆ, ನನಗೆ ಗೊತ್ತಿದ್ದ ಹಂಗೆ ದಾರ ಸುತ್ತಿದೆ. ಯಾವ ಪೈಪು ಎಲ್ಲಿಗೆ ಹೋಗದು ಅಂತ ನನಗೆಲ್ಲಿ ಗೊತ್ತು ಸ್ವಾಮಿ?"

"ಹೂವಯ್ಯ ಇಲ್ದಾಗ ಕಾರಿನ ಹತ್ರ ಯಾರಿದ್ರು?" ಎಂದ ಶೇಷಪ್ಪ.

"ಹೇರಂಬ. ಪಕ್ಕದ ಸೀಟಿನವನು. ಕೈಗೆ ಹತ್ತಿದ ಎಣ್ಣೆನ ಪೇಪರಲ್ಲಿ ಒರೆಸ್ಕತಾ ನಿಂತಿದ್ದ."

ಹೇರಂಬ. ಸೀತಾರಾಮಪ್ಪನ ಜಾಗಕ್ಕೆ ಬಂದ ಹೊಸ ದಾರಿಗಾರ, ಸಾಗರದವನು. ಕಾರು ಉರುಳುವಾಗ ಬಾಗಿಲು ತೆರೆದುಕೊಂಡು ಹೊರಗೆ ಬಿದ್ದು ಉಳಿದವನು. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದ. ಅವನು ಕೊಟ್ಟ ಹೇಳಿಕೆಯಲ್ಲಿ ತಾನು ಮೈದಾನದಲ್ಲಿ ಕಾರು ಮುಟ್ಟಲೇ ಇಲ್ಲ ಎಂದಿತ್ತು.

ಶೇಷಪ್ಪನಿಗೆ ಎದೆಯ ಭಾರ ಒಂದಿಷ್ಟು ಇಳಿದಂತಾಯಿತು. "ಕೇಳಿದ್ರಾ ಸಾಹೇಬ್ರೆ?"

"ಕೇಳ್ದೆ." ಧರ್ಮಪ್ಪ ಕೆಟ್ಟವನಲ್ಲ. ಆದರೆ ಹದಿನೈದು ವರ್ಷದ ನೌಕರಿ ಅವನಿಗೆ ಮಾತಿಗಿಂತ ಕಾಗದ ದೊಡ್ಡದು ಎಂದು ಕಲಿಸಿತ್ತು. "ಮಗನ ಪರವಾಗಿ ಅಪ್ಪ ಹೇಳೋ ಮಾತಿಗೆ ಕೋರ್ಟಲ್ಲಿ ಎಂತ ಬೆಲೆ? ಅದೂ ಸತ್ತವನ ಮೇಲೆ ದ್ವೇಷ ಇದ್ದ ಅಪ್ಪ. ಇನ್ನೊಂದು, ಕಾರಿಗೆ ಕೇಡು ಮಾಡಿ ಅದೇ ಕಾರಿಗೆ ಹತ್ತಿ ಕೂರಾಕೆ ಹೇರಂಬನಿಗೆ ಹುಚ್ಚಾ?"

ಶೇಷಪ್ಪನ ಮನಸ್ಸಿನಲ್ಲಿ ಎದ್ದ ಪ್ರಶ್ನೆಯೂ ಅದೇ.

ಒಳಗಿನ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ಧರ್ಮಪ್ಪ ಹೋದ. ಟ್ರಂಕ್ ಕಾಲು ಎಂಬುದು ಅವನು ಕೂಗಿ ಮಾತಾಡುತ್ತಿದ್ದುದರಿಂದಲೇ ತಿಳಿಯುತ್ತಿತ್ತು. "ಹೌದಾ… ಯಾವಾಗ… ಸಹಿ ಹಾಕಿದಾನಾ… ಇನ್ನೊಂದ್ಸಲ ಓದಿ, ಬರ್ಕತೀನಿ." ಆಮೇಲೆ ಬಹಳ ಹೊತ್ತು ಬರೀ ಪೆನ್ಸಿಲಿನ ಸದ್ದು.

ಜಯಪ್ಪ ಸರಳಿನ ಒಳಗಿನಿಂದ ಅಪ್ಪನನ್ನು ನೋಡುತ್ತಿದ್ದ. "ನೀನು ಮಾಡಿದ್ದು ಅಂತ ತಿಳ್ಕಂಡೆ, ಅಪ್ಪಯ್ಯ."

"ನನಗೆ ಗೊತ್ತಾಯ್ತು," ಎಂದ ದುಗ್ಗಪ್ಪ. "ನೀ ಒಪ್ಕಂಡೆ ಅಂತ ಕೇಳಿದಾಗ ನಾನೂ ನೀನೇ ಮಾಡಿದ್ದು ಅಂತ ತಿಳ್ಕಂಡೆ. ತಮ್ಮನ ಸಲುವಾಗಿ. ದೇವ್ರಾಣೆ ಹೇಳ್ತೀನಿ, ಒಂದು ಗಳಿಗೆ ಖುಷಿನೇ ಆಯ್ತು. ಆಮೇಲೆ ಹೊಟ್ಟೇಲಿ ಬೆಂಕಿ ಬಿತ್ತು."

ಧರ್ಮಪ್ಪ ಕೈಯಲ್ಲಿ ಕಾಗದ ಹಿಡಿದು ಹೊರಗೆ ಬಂದ. ಅವನು ಶೇಷಪ್ಪನ ಮುಖ ನೋಡಲಿಲ್ಲ.

"ತೀರ್ಥಹಳ್ಳಿ ಸ್ಟೇಷನ್ನಿಂದ. ಹೇರಂಬ ಇವತ್ತು ಬೆಳಿಗ್ಗೆ ಹೊಸ ಹೇಳಿಕೆ ಕೊಟ್ಟಿದಾನೆ. ಓದ್ತೀನಿ ಕೇಳಿ. 'ಹೊಸನಗರದ ಮೈದಾನದಲ್ಲಿ ಹೂವಯ್ಯನವರು ಇಲ್ಲದ ವೇಳೆ ಪಂಪು ರಿಪೇರಿಯ ದುಗ್ಗಪ್ಪ ಎಂಬುವನು ಒಬ್ಬನೇ ಕಾರಿನ ಒಳಗೆ ಬಗ್ಗಿ ಕೈ ಬ್ರೇಕಿನ ಎರಡೂ ಪೈಪು ಬಿಚ್ಚಿ ಮತ್ತೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆದರಿಕೆಯಿಂದ ಮೊದಲು ಹೇಳಿರಲಿಲ್ಲ.'"

ಜಗಲಿಯ ಮೇಲಿದ್ದ ಪೇದೆಯೂ ತಿರುಗಿ ನೋಡಿದ.

"ಕಂಡವನು ಹೂವಯ್ಯನಿಗೆ ಯಾಕೆ ಹೇಳ್ಲಿಲ್ಲ?" ಎಂದ ಶೇಷಪ್ಪ. ತನ್ನ ದನಿ ಏರಿದ್ದು ಅವನಿಗೇ ಕೇಳಿಸಿತು. "ಪೈಪು ಬಿಚ್ಚಿದ್ದು ಕಂಡೂ ಆ ಕಾರಿಗೆ ಹತ್ತಿ ಕೂತ್ನಾ? ಈಗ ನೀವೇ ಕೇಳಿದ್ರಲ್ಲ, ಹುಚ್ಚಾ ಅಂತ?"

"ರಿಪೇರಿ ಅಂದ್ಕಂಡಿದ್ನಂತೆ. ಶೇಷಪ್ಪನೋರೆ, ನೋಡಿ. ದಾರ ನೀವೇ ತಂದ್ರಿ, ಮೇಣ ನೀವೇ ಸುಟ್ಟು ತೋರಿಸಿದ್ರಿ. ಸುತ್ತಿದ್ದು ತಾನೇ ಅಂತ ಇವನು ಎಲ್ಲರ ಎದುರಿಗೆ ಒಪ್ಕಂಡ. ಈಗ ಕಣ್ಣಿಂದ ಕಂಡ ಸಾಕ್ಷಿನೂ ಬಂತು. ದ್ವೇಷ ಊರಿಗೇ ಗೊತ್ತು. ನಾನು ಇನ್ನೆಂತ ಮಾಡ್ಲಿ?"

ಅವನು ಸೊಂಟದಿಂದ ಬೀಗದ ಕೈ ತೆಗೆದ. ಲಾಕಪ್ಪಿನ ಬಾಗಿಲು ತೆರೆಯಿತು. "ಜಯಪ್ಪ, ಹೊರಗೆ ಬಾ."

ಜಯಪ್ಪ ಬರಲಿಲ್ಲ. ಒಳಗಿನ ಗೋಡೆಗೆ ಬೆನ್ನು ಕೊಟ್ಟು ಕೂತೇಬಿಟ್ಟ. ಇಬ್ಬರು ಪೇದೆಗಳು ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ತರಬೇಕಾಯಿತು. ದುಗ್ಗಪ್ಪ ಯಾರೂ ಹೇಳುವ ಮೊದಲೇ ಹೆಗಲಿನ ಟವಲು ತೆಗೆದು ಪೇದೆಯ ಕೈಗೆ ಕೊಟ್ಟು ಒಳಗೆ ಕಾಲಿಟ್ಟ. ಬಾಗಿಲಲ್ಲಿ ಅಪ್ಪ ಮಗ ಒಬ್ಬರನ್ನೊಬ್ಬರು ದಾಟಿದರು. ಶೇಷಪ್ಪ ಆ ಕಡೆ ನೋಡಲಾರದೆ ಗಡಿಯಾರ ನೋಡಿದ. ಹನ್ನೆರಡೂ ಮುಕ್ಕಾಲು.

"ಎರಡು ಗಂಟೆವರೆಗೆ ಷರಾ ಕೇಳ್ಬೇಡಿ," ಎಂದು ಧರ್ಮಪ್ಪನಿಗೆ ಹೇಳಿ ಅವನು ಜಯಪ್ಪನ ತೋಳು ಹಿಡಿದು ಠಾಣೆಯ ಹಿತ್ತಿಲಿಗೆ ಕರೆದುಕೊಂಡು ಹೋದ.

ಅಲ್ಲಿ ಆ ಕಾರು ಬಿದ್ದಿತ್ತು. ಮೂತಿ ಒಳಸರಿದು, ಚಾವಣಿ ತಗ್ಗಿ, ಮೈಯೆಲ್ಲ ಕೆಂಪು ಮಣ್ಣು. ಪೊಲೀಸರು ಚಾಲಕನ ಕಡೆಯ ಬಾಗಿಲನ್ನು ಗರಗಸದಿಂದ ಕೊಯ್ದು ಹೂವಯ್ಯನನ್ನು ತೆಗೆದಿದ್ದರು. ಶೇಷಪ್ಪ ಎರಡು ದಿನವೂ ಆ ಕಡೆಯಿಂದಲೇ ತಲೆ ಹಾಕಿ, ಗೇರು, ಸನ್ನೆ, ಪೈಪು ಮಾತ್ರ ನೋಡಿದ್ದ. ಬ್ರೇಕ್ ಇನ್ಸ್‌ಪೆಕ್ಟರ್ ಬ್ರೇಕ್ ನೋಡಿದ, ಹೇರಂಬ ಕೂತಿದ್ದೆ ಎಂದ ಸೀಟು ನೋಡಲಿಲ್ಲ. ತನ್ನ ದಡ್ಡತನಕ್ಕೆ ಅವನು ಈಗ ಮನಸ್ಸಿನಲ್ಲೇ ಒಂದು ಬೈಗುಳ ಬೈದುಕೊಂಡ.

ಪಕ್ಕದ ಸೀಟಿನ ಬಾಗಿಲು ಒಂದೇ ತಿರುಗಣೆಯಲ್ಲಿ ನೇತಾಡುತ್ತಿತ್ತು. ಅದನ್ನು ಸರಿಸಿ ಒಳಗೆ ಬಗ್ಗಿದ. ಸೀಟಿನ ಮೇಲೆ ಗಾಜಿನ ಪುಡಿ ದಪ್ಪಗೆ ಬಿದ್ದಿತ್ತು. ಅದನ್ನು ಕರವಸ್ತ್ರದಿಂದ ಗುಡಿಸಿದ. ಕೆಳಗೆ ಅಗಲವಾದ ಬೆಲ್ಟು: ಎರಡು ಭುಜದ ಪಟ್ಟಿ, ಎರಡು ಸೊಂಟದ ಪಟ್ಟಿ, ನಾಲ್ಕೂ ಸೀಟಿನ ನಡುವೆ ಒಂದು ಬಕಲ್ಲಿನಲ್ಲಿ ಕೂಡಿದ್ದವು. ಬಕಲ್ಲು ಹಾಕಿಯೇ ಇತ್ತು. ಪಟ್ಟಿಗಳು ಸೀಟಿಗೆ ಅಂಟಿಕೊಂಡಂತೆ ಬಿಗಿಯಾಗಿದ್ದವು.

"ಜಯಪ್ಪ, ಇಲ್ಲಿ ನೋಡು. ಇದು ಹರಿದಿದೆಯಾ?"

ಜಯಪ್ಪ ಕಣ್ಣೊರೆಸಿಕೊಂಡು ಬಗ್ಗಿದ. ಅಭ್ಯಾಸದ ಕೈ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿತು. "ಇಲ್ಲ ಸರ್. ಎಲ್ಲ ಗಟ್ಟಿ ಉಂಟು."

"ಹೀಗೆ ಖಾಲಿ ಸೀಟಿನ ಮೇಲೆ ಬಿಗಿಯಾಗಿ ಬಕಲ್ ಹಾಕೋದು ಯಾವಾಗ?"

"ಪಕ್ಕದವನು ಇಳಿದು, ಡ್ರೈವರ್ ಒಬ್ಬನೇ ಓಡಿಸೋವಾಗ. ಹಂಗೇ ಬಿಟ್ರೆ ಪಟ್ಟಿ ಹಾರಿ ಗೇರಿಗೆ ಸಿಕ್ಕಳ್ತದೆ, ಅದಕ್ಕೆ." ಜಯಪ್ಪ ಹೇಳುತ್ತ ಹೇಳುತ್ತ ನಿಲ್ಲಿಸಿದ. ಅವನ ಕೈ ಬಕಲ್ಲಿನ ಮೇಲೇ ಉಳಿಯಿತು. "ಸರ್, ಇದರಲ್ಲಿ ಕೂತಿದ್ದವನು ಹೊರಗೆ ಬೀಳ್ಲಿಕ್ಕೆ ಆಗದಿಲ್ಲ."

"ಇದರಲ್ಲಿ ಯಾರೂ ಕೂತಿರ್ಲಿಲ್ಲ," ಎಂದ ಶೇಷಪ್ಪ. "ಕಾರು ಆ ತಿರುವಿಗೆ ಬರೋ ಮುಂಚೆ ಹೇರಂಬ ಇಳಿದಾಗಿತ್ತು. ಹೂವಯ್ಯನೇ ಕೈಯಾರೆ ಬಕಲ್ ಹಾಕಿದಾನೆ."

ಒಳಗೆ ಲಾಕಪ್ಪಿಗೆ ಬೀಗ ಜಡಿದ ಸದ್ದು ಹಿತ್ತಿಲವರೆಗೂ ಕೇಳಿಸಿತು. ಅದರ ಹಿಂದೆಯೇ ಧರ್ಮಪ್ಪ ಬಾಗಿಲಿಗೆ ಬಂದು ಕೂಗಿ ಹೇಳಿದ: ತೀರ್ಥಹಳ್ಳಿಯಿಂದ ಮತ್ತೆ ಫೋನು, ಹೇರಂಬನನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ಹೋಗಲು ಕೋಣಂದೂರಿನಿಂದ ಜೀಪು ಬಂದಿದೆಯಂತೆ, ಬಂದವಳು ಹೂವಯ್ಯನ ಹೆಂಡತಿ ಶರಾವತಿ.